ಮನೆಯಲ್ಲಿ ಹಳೆಯ ಧ್ವನಿಪರಿವರ್ತಕಗಳ ಸುಧಾರಣೆ: ಕೆಲವು ವಿಚಾರಗಳು

ಕೆಟ್ಟುಹೋದ ಯಂತ್ರವನ್ನು ದುರಸ್ತಿ ಮಾಡುವುದು ಒಂದು ಕೆಲಸ; ಕೆಡದೆ ನಡೆಯುತ್ತಿರುವ ಯಂತ್ರವನ್ನು ಇನ್ನಷ್ಟು ಉತ್ತಮಪಡಿಸುತ್ತೇನೆಂದು ಹೊರಡುವುದು ಮತ್ತೊಂದು ಕೆಲಸ. ಮೊದಲನೆಯದರಲ್ಲಿ ಸೋಲುಗೆಲುವು ಕೂಡಲೆ ತಿಳಿದುಬರುತ್ತದೆ. ನಿಂತ ಗಡಿಯಾರ ನಡೆದರೆ ಗೆದ್ದೆವು, ನಡೆಯದಿದ್ದರೆ ಸೋತೆವು. ಎರಡನೆಯದರಲ್ಲಿ ಹಾಗಲ್ಲ. ಅಲ್ಲಿ ಕಕ್ಷಿಗಾರನೂ ನಾವೇ, ನ್ಯಾಯಾಧೀಶನೂ ನಾವೇ. ಆದುದರಿಂದ ಅಲ್ಲಿ ಕೈಚಳಕದಷ್ಟೇ ಆತ್ಮಪರೀಕ್ಷೆಯೂ ಆವಶ್ಯಕವಾಗುತ್ತದೆ. ಈ ಮಾತನ್ನು ನನಗೆ ಕಲಿಸಿದವು 1980ರ ದಶಕದಲ್ಲಿ ತಯಾರಾದ ಡಿಜಿಟಲ್ ಧ್ವನಿಪರಿವರ್ತಕಗಳು. ಅವುಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು, ಬೆಸುಗೆಯ ಕಡ್ಡಿ ಹಿಡಿದು ಕಳೆದ ಅನೇಕ ರಾತ್ರಿಗಳ ಫಲವಾಗಿ ಹುಟ್ಟಿದ ಕೆಲವು ವಿಚಾರಗಳನ್ನು ಇಲ್ಲಿ ವಾಚಕರ ಮುಂದಿಡಲು ಬಯಸುತ್ತೇನೆ.

ವಾಚಕರೆಲ್ಲರಿಗೂ ಈ ವಿಷಯದ ಪರಿಚಯ ಇರಲಾರದಾದ್ದರಿಂದ ಮೊದಲು ಎರಡು ಮಾತು. ಕಾಂಪ್ಯಾಕ್ಟ್ ಡಿಸ್ಕಿನ ಮೇಲೆ ನಾದವು ನಾದವಾಗಿ ಇರುವುದಿಲ್ಲ, ಸಂಖ್ಯೆಗಳಾಗಿ ಇರುತ್ತದೆ. ಪ್ರತಿಯೊಂದು ಸೆಕೆಂಡಿನಲ್ಲಿ 44,100 ಸಲ ಧ್ವನಿತರಂಗದ ಎತ್ತರವನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಒಂದು ಸಂಖ್ಯೆಯಾಗಿ ಬರೆದಿಟ್ಟಿರುತ್ತಾರೆ. 16 ಬಿಟ್‌ಗಳೆಂದರೆ 65,536 ಮೆಟ್ಟಿಲುಗಳು. ಈ ಸಂಖ್ಯೆಗಳ ಪ್ರವಾಹವನ್ನು ಮತ್ತೆ ವಿದ್ಯುತ್ ತರಂಗವನ್ನಾಗಿ ಮಾಡುವ ಸಾಧನವೇ ಡಿಜಿಟಲ್–ಅನಲಾಗ್ ಪರಿವರ್ತಕ. ಹವ್ಯಾಸಿಗಳು ಇದನ್ನು ಚಿಕ್ಕದಾಗಿ ಡ್ಯಾಕ್ ಎನ್ನುತ್ತಾರೆ. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮೊದಲ ಡಿಸ್ಕ್ ಪ್ಲೇಯರುಗಳು ಮಾರಾಟಕ್ಕೆ ಬಂದವು. ಆ ದಶಕದ ಯಂತ್ರಗಳಿಗೆ ಇಂದು ನಾಲ್ಕು ದಶಕಗಳ ವಯಸ್ಸು. ಅವುಗಳನ್ನು ಬಿಚ್ಚಿ, ಭಾಗಗಳನ್ನು ಬದಲಾಯಿಸಿ, ಹೊಸ ವಿದ್ಯುತ್ ಸರಬರಾಜು ಕೂಡಿಸಿ ಮತ್ತೆ ಹಾಡಿಸುವ ಹವ್ಯಾಸ ಇಂದು ದೇಶದೇಶಗಳಲ್ಲಿ ಹಬ್ಬಿದೆ.

ಈ ಹವ್ಯಾಸವನ್ನು ಕುರಿತು ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಇದು ವೃಥಾ ಕಾಲಹರಣವೆಂದು ಕೆಲವರು ಹೇಳುತ್ತಾರೆ. ಒಂದು ಕೆಪಾಸಿಟರನ್ನು ಬದಲಾಯಿಸಿದೊಡನೆ ಗಾಯಕರು ಎದ್ದು ಬಂದು ಎದುರಿಗೆ ಕುಳಿತಂತಾಯಿತೆಂದು ಮತ್ತೆ ಕೆಲವರು ಹೇಳುತ್ತಾರೆ. ನನ್ನ ನಮ್ರ ಅಭಿಪ್ರಾಯ ಎರಡಕ್ಕೂ ಭಿನ್ನವಾದುದು. ಹಳೆಯ ಯಂತ್ರದ ಸುಧಾರಣೆ ಸತ್ಕಾರ್ಯವೇ ಸರಿ. ಆದರೆ ಮಾಡಿದ ಬದಲಾವಣೆಗೆಲ್ಲ ಸುಧಾರಣೆಯೆಂಬ ಹೆಸರು ಸಲ್ಲದು. ಯಾವುದು ಬದಲಾವಣೆ, ಯಾವುದು ಸುಧಾರಣೆ ಎಂಬುದನ್ನು ಪ್ರಾಮಾಣಿಕವಾಗಿ ವಿಂಗಡಿಸಲು ಕಲಿಯುವುದೇ ಈ ಕೆಲಸದ ಮುಖ್ಯ ಲಾಭ. ಸಂಗೀತದ ಲಾಭ ಅದರ ಬೆನ್ನಹಿಂದೆ ಬರುವಂಥದು.

ಮಾತು ಗಾಳಿಯಲ್ಲಿ ತೇಲದಿರಲು ಒಂದೇ ಉದಾಹರಣೆಯನ್ನು ಹಿಡಿದು ನಡೆಯೋಣ. ನೆದರ್‌ಲ್ಯಾಂಡ್ಸ್ ದೇಶದ ಐಂಡ್‌ಹೋವೆನ್ ನಗರ ಫಿಲಿಪ್ಸ್ ಸಂಸ್ಥೆಯ ತವರು. ಕಾಂಪ್ಯಾಕ್ಟ್ ಡಿಸ್ಕಿನ ನಿಯಮಗಳನ್ನು ಆ ಸಂಸ್ಥೆ ಮತ್ತು ಜಪಾನಿನ ಸೋನಿ ಸಂಸ್ಥೆ ಕೂಡಿ 1980ರಲ್ಲಿ ರೂಪಿಸಿದವು. ಫಿಲಿಪ್ಸಿನವರು 14 ಬಿಟ್‌ಗಳು ಸಾಕೆಂದಿದ್ದರು. ಸೋನಿಯವರು 16 ಬೇಕೆಂದರು. ಕೊನೆಗೆ 16 ನಿಶ್ಚಯವಾಯಿತು. ಆದರೆ ಫಿಲಿಪ್ಸಿನವರ ಕೈಯಲ್ಲಿ ಆಗ ಇದ್ದದ್ದು ಟಿಡಿಎ 1540 ಎಂಬ 14 ಬಿಟ್‌ನ ಚಿಪ್, ಅಂದರೆ 16,384 ಮೆಟ್ಟಿಲುಗಳ ಏಣಿ. ಅವರು ಅದನ್ನು ಎಸೆಯಲಿಲ್ಲ. ಅದರ ಮುಂದೆ ಒಂದು ಡಿಜಿಟಲ್ ಶೋಧಕವನ್ನು ಇಟ್ಟು, ಸಂಖ್ಯೆಗಳ ವೇಗವನ್ನು ನಾಲ್ಕು ಪಟ್ಟು ಹೆಚ್ಚಿಸಿ ಸೆಕೆಂಡಿಗೆ 1,76,400 ಮಾಡಿದರು. ಏಣಿಯ ಕೊರತೆಯಿಂದ ಹುಟ್ಟುವ ದೋಷವನ್ನು ಕಿವಿಗೆ ನಿಲುಕದ ಮೇಲಿನ ಕಂಪನಗಳ ಕಡೆಗೆ ಸರಿಸಿದರು. ಹೀಗೆ 14 ಬಿಟ್‌ನ ಚಿಪ್ಪಿನಿಂದ ಬಹುಮಟ್ಟಿಗೆ 16 ಬಿಟ್‌ನ ಫಲವನ್ನು ಪಡೆದರು. ಕೈಯಲ್ಲಿರುವ ವಸ್ತುವಿನ ಮಿತಿಯನ್ನು ಸರಿಯಾಗಿ ಅಳೆದು, ಆ ಮಿತಿ ಎಲ್ಲಿದೆಯೋ ಅಲ್ಲಿಯೇ ಉಪಾಯ ಹೂಡುವುದು ಸುಧಾರಣೆಯ ಮೊದಲ ಪಾಠ. ಅದನ್ನು ಯಂತ್ರದ ನಿರ್ಮಾಪಕರೇ ನಮಗೆ ಹೇಳಿಕೊಟ್ಟಿದ್ದಾರೆ.

1985ರಲ್ಲಿ ಅದೇ ಸಂಸ್ಥೆಯಿಂದ ಟಿಡಿಎ 1541 ಎಂಬ ನಿಜವಾದ 16 ಬಿಟ್‌ನ ಚಿಪ್ ಬಂದಿತು. ಇಂದಿನ ಹವ್ಯಾಸಿಗಳು ಅತಿಯಾಗಿ ಪ್ರೀತಿಸುವುದು ಇದನ್ನೇ. ಇಪ್ಪತ್ತೆಂಟು ಕಾಲುಗಳ ಈ ಕರಿಯ ತುಂಡಿನ ಒಳಗೆ ನಡೆಯುವ ಕಾರ್ಯ ನಮ್ಮ ಹಿರಿಯರ ಅಂಗಡಿಯ ತಕ್ಕಡಿಯನ್ನು ಕಂಡವರಿಗೆ ಸುಲಭವಾಗಿ ತಿಳಿಯುತ್ತದೆ. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು: ಪ್ರತಿಯೊಂದು ಬಟ್ಟೂ ಹಿಂದಿನದರ ಅರ್ಧ. ಈ ಐದು ಬಟ್ಟುಗಳಿದ್ದರೆ ಒಂದು ಚಟಾಕಿನಿಂದ ಮೂವತ್ತೊಂದು ಚಟಾಕಿನವರೆಗೆ ಯಾವ ತೂಕವನ್ನಾದರೂ ತೂಗಬಹುದು. ಚಿಪ್ಪಿನಲ್ಲಿ ಬಟ್ಟುಗಳ ಸ್ಥಾನದಲ್ಲಿ ವಿದ್ಯುತ್ ಪ್ರವಾಹಗಳಿವೆ. ಐದರ ಬದಲು ಹದಿನಾರು ಇವೆ. ಬರುವ ಸಂಖ್ಯೆಯನ್ನು ನೋಡಿ ಯಾವ ಯಾವ ಪ್ರವಾಹಗಳನ್ನು ಕೂಡಿಸಬೇಕೋ ಅವುಗಳನ್ನು ಕೂಡಿಸುವುದಷ್ಟೇ ಪರಿವರ್ತಕದ ಕೆಲಸ.

ಕಷ್ಟವಿರುವುದು ಬಟ್ಟುಗಳ ನಿಷ್ಕೃಷ್ಟತೆಯಲ್ಲಿ. ಅತಿ ದೊಡ್ಡ ಬಟ್ಟಿನಲ್ಲಿ ಇರುವ ತಪ್ಪು ಅತಿ ಚಿಕ್ಕ ಬಟ್ಟಿನ ತೂಕವನ್ನೇ ಮೀರಿದರೆ ಆ ಚಿಕ್ಕ ಬಟ್ಟನ್ನು ಇಟ್ಟುಕೊಂಡು ಪ್ರಯೋಜನವೇನು? ಸೇರಿನ ಕಲ್ಲಿನಲ್ಲಿ ಒಂದು ಚಟಾಕು ಕಳ್ಳತನವಾದರೆ ಚಟಾಕಿನ ಲೆಕ್ಕ ವ್ಯರ್ಥ. ಹದಿನಾರು ಬಿಟ್‌ಗಳ ಯಂತ್ರದಲ್ಲಿ ದೊಡ್ಡ ಪ್ರವಾಹವು ಅರವತ್ತೈದು ಸಾವಿರದಲ್ಲಿ ಒಂದು ಪಾಲಿನಷ್ಟು ಸರಿಯಾಗಿರಬೇಕು. ಅಷ್ಟು ಸಮನಾದ ಭಾಗಗಳನ್ನು ಸಿಲಿಕಾನಿನಲ್ಲಿ ಕೊರೆಯುವುದು ಆ ಕಾಲದಲ್ಲಿ ಬಹು ದುಸ್ತರವಾಗಿದ್ದಿತು. ಇದಕ್ಕೆ ಫಿಲಿಪ್ಸಿನ ವಿಜ್ಞಾನಿ ರೂಡಿ ವಾನ್ ಡೆ ಪ್ಲಾಷೆ 1976ರಲ್ಲಿ ಪ್ರಕಟಿಸಿದ ಉಪಾಯ ಅತ್ಯಂತ ಸೊಗಸಾದುದು. ಭೌತಶಾಸ್ತ್ರದ ಉಪಾಧ್ಯಾಯರು ಗೌಸನ ದ್ವಿತೂಕ ವಿಧಾನವನ್ನು ಬಲ್ಲರು. ತಕ್ಕಡಿಯ ತೋಳುಗಳು ಅಸಮವಾಗಿದ್ದರೆ ವಸ್ತುವನ್ನು ಒಮ್ಮೆ ಎಡದ ತಟ್ಟೆಯಲ್ಲಿ, ಒಮ್ಮೆ ಬಲದ ತಟ್ಟೆಯಲ್ಲಿ ಇಟ್ಟು ತೂಗಿ ಮಧ್ಯಮವನ್ನು ತೆಗೆಯಬೇಕು. ಆಗ ತಕ್ಕಡಿಯ ದೋಷ ತಾನಾಗಿ ಕಳೆದುಹೋಗುತ್ತದೆ. ವಾನ್ ಡೆ ಪ್ಲಾಷೆಯವರು ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ಹೆಚ್ಚುಕಡಮೆ ಸಮನಾದ ಪ್ರವಾಹಗಳನ್ನು ಸೆಕೆಂಡಿಗೆ ಸಾವಿರಾರು ಸಲ ಒಂದರ ಸ್ಥಾನಕ್ಕೆ ಮತ್ತೊಂದನ್ನು ಅದಲುಬದಲು ಮಾಡಿ, ಸರಾಸರಿಯನ್ನು ಮಾತ್ರ ಮುಂದಕ್ಕೆ ಕಳುಹಿದರು. ಈ ಸರಾಸರಿಯನ್ನು ಹಿಡಿದಿಡಲು ಟಿಡಿಎ 1541ರ ಸುತ್ತಲೂ ಹದಿನಾಲ್ಕು ಪುಟ್ಟ ಕೆಪಾಸಿಟರುಗಳು ಸಾಲಾಗಿ ನಿಂತಿರುತ್ತವೆ.

ಇಷ್ಟು ವಿವರವಾಗಿ ಹೇಳಿದುದಕ್ಕೆ ಕಾರಣವಿದೆ. ಸುಧಾರಣೆಗೆಂದು ಹೊರಟ ಹೊಸಬನು ಮೊದಲು ಕೈಹಾಕುವುದು ಈ ಹದಿನಾಲ್ಕು ಕೆಪಾಸಿಟರುಗಳಿಗೇ. ಚಿಕ್ಕವನ್ನು ಕಿತ್ತು ಹೆಬ್ಬೆರಳಿನ ಗಾತ್ರದ ದುಬಾರಿಯಾದವನ್ನು ಬೆಸೆಯುತ್ತಾನೆ. ದೊಡ್ಡವು ಚಿಪ್ಪಿನ ಬಳಿ ಹಿಡಿಯದಾದ್ದರಿಂದ ಉದ್ದವಾದ ತಂತಿಕಾಲುಗಳ ಮೇಲೆ ನಿಲ್ಲಿಸುತ್ತಾನೆ. ಆ ಉದ್ದ ಕಾಲುಗಳು ನೆರೆಯ ಡಿಜಿಟಲ್ ತಂತಿಗಳ ಗದ್ದಲವನ್ನು ಆಕಾಶಕಂಬಗಳಂತೆ ಹೀರಿಕೊಳ್ಳುತ್ತವೆ. ಸರಾಸರಿಯನ್ನು ಶಾಂತವಾಗಿ ಹಿಡಿದಿಡಬೇಕಾದ ಜಾಗಕ್ಕೆ ಕೋಲಾಹಲ ನುಗ್ಗುತ್ತದೆ. ಆ ಕೆಪಾಸಿಟರುಗಳು ಏಕೆ ಅಲ್ಲಿವೆಯೆಂಬುದನ್ನು ಅರಿತವನು ಮಾತ್ರ ಅವುಗಳನ್ನು ಬದಲಾಯಿಸಲು ಅರ್ಹನು. ಅರಿತವನಾದರೋ ಬಹುತೇಕ ವೇಳೆ ಬದಲಾಯಿಸದೆ ಬಿಡುತ್ತಾನೆ.

ಹಾಗಾದರೆ ಏನನ್ನೂ ಮುಟ್ಟಬಾರದೆ? ಮುಟ್ಟಲೇಬೇಕಾದವು ಇವೆ. ವಿದ್ಯುತ್ ಸರಬರಾಜಿನಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳೊಳಗೆ ದ್ರವವಿರುತ್ತದೆ. ಅದು ಕಾಲಕ್ರಮದಲ್ಲಿ ಆರಿಹೋಗುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಅವುಗಳ ಆಯುಷ್ಯ ಇಮ್ಮಡಿಯಾಗುವುದೆಂಬುದು ಎಂಜಿನಿಯರುಗಳ ಸ್ಥೂಲ ನಿಯಮ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರು 45 ಡಿಗ್ರಿಯಲ್ಲಿ 32,000 ಗಂಟೆ ಬಾಳೀತು. ದಿನಕ್ಕೆ ಮೂರು ಗಂಟೆಯಂತೆ ಸಂಗೀತ ಕೇಳುವ ಮನೆಯಲ್ಲಿ ಇದು ಸುಮಾರು ಇಪ್ಪತ್ತೊಂಬತ್ತು ವರ್ಷ. ಅಂದಮೇಲೆ 1985ರ ಯಂತ್ರದ ಮೂಲ ಕೆಪಾಸಿಟರುಗಳು ತಮ್ಮ ಕಾಲವನ್ನು ಮುಗಿಸಿರುವುದರಲ್ಲಿ ಆಶ್ಚರ್ಯವಿಲ್ಲ. ಇವುಗಳನ್ನು ಬದಲಾಯಿಸಿದಾಗ ಗುಂಯ್ ಎನ್ನುವ ಹಿನ್ನೆಲೆ ಸದ್ದು ಅಡಗುತ್ತದೆ, ಮಂದ್ರಸ್ವರಗಳು ಗಟ್ಟಿಯಾಗುತ್ತವೆ. ಹೀಗೆಯೇ ಬಿರುಕುಬಿಟ್ಟ ಬೆಸುಗೆಗಳನ್ನು ಮತ್ತೆ ಕಾಯಿಸುವುದು, ಕಿಲುಬು ಹಿಡಿದ ಸಂಪರ್ಕಗಳನ್ನು ಒರೆಸುವುದು. ಇವೆಲ್ಲ ನಿಸ್ಸಂಶಯವಾದ ಲಾಭಗಳು. ಆದರೆ ಗಮನಿಸಿ: ಇದು ಸುಧಾರಣೆಯಲ್ಲ, ಜೀರ್ಣೋದ್ಧಾರ. ಯಂತ್ರವು ಹುಟ್ಟಿದಾಗ ಹೇಗಿತ್ತೋ ಹಾಗೆ ಮಾಡಿದೆವು. ಸುಧಾರಣೆಯಿಂದ ಬಂದಿತೆಂದು ಹವ್ಯಾಸಿಗಳು ಕೊಂಡಾಡುವ ಆನಂದದ ಬಹುಪಾಲು ವಾಸ್ತವವಾಗಿ ಈ ಜೀರ್ಣೋದ್ಧಾರದಿಂದ ಬಂದುದೆಂದು ನನ್ನ ನಂಬಿಕೆ.

ಈಗ ನನ್ನ ಸ್ವಂತ ತಪ್ಪಿನ ಕಥೆ. ಟಿಡಿಎ 1541 ಉಳ್ಳ ಒಂದು ಹಳೆಯ ಪ್ಲೇಯರನ್ನು ಬಹು ವರ್ಷಗಳ ಹಿಂದೆ ಕೊಂಡುಕೊಂಡಿದ್ದೆ. ಚಿಪ್ಪಿನಿಂದ ಹೊರಬರುವ ಪ್ರವಾಹವನ್ನು ವಿಭವವಾಗಿ ಮಾರ್ಪಡಿಸಲು ಅದರ ಬೆನ್ನಿಗೆ ಆಪರೇಷನಲ್ ಆಂಪ್ಲಿಫೈಯರ್ ಎಂಬ ಇನ್ನೊಂದು ಚಿಪ್ ಇರುತ್ತದೆ. 1970ರ ದಶಕದಲ್ಲಿ ಹುಟ್ಟಿದ ಆ ಹಳೆಯ ಮಾದರಿಯನ್ನು ಕಿತ್ತು, ಅದಕ್ಕಿಂತ ಎಷ್ಟೋ ಪಟ್ಟು ವೇಗವುಳ್ಳ ಹೊಸದನ್ನು ಹಾಕಿದೆ. ಆ ರಾತ್ರಿ ಮಲ್ಲಿಕಾರ್ಜುನ ಮನ್ಸೂರರ ಗಾಯನದ ಡಿಸ್ಕನ್ನು ಇಟ್ಟು ಕೇಳಿದೆ. ತಂಬೂರಿಯ ಸುತ್ತ ಹೊಸದೊಂದು ಝೇಂಕಾರ, ಒಂದು ಹೊಳಪು ಕಂಡಿತು. ಮರುದಿನ ಬಂದ ಗೆಳೆಯರಿಬ್ಬರು ತಲೆದೂಗಿದರು. ಆರು ತಿಂಗಳು ನಾನು ಬಂದವರಿಗೆಲ್ಲ ಆ ಹೊಳಪನ್ನು ತೋರಿಸಿದೆ.

ಒಮ್ಮೆ ಆಕಸ್ಮಿಕವಾಗಿ ಆ ಹೊಸ ಚಿಪ್ಪನ್ನು ಮುಟ್ಟಿದಾಗ ಬೆರಳು ಸುಟ್ಟಿತು. ಸಂಶಯಗೊಂಡು, ಕಾಲೇಜೊಂದರ ಪ್ರಯೋಗಶಾಲೆಯಲ್ಲಿದ್ದ ಪರಿಚಿತರ ಬಳಿಗೆ ಯಂತ್ರವನ್ನು ಕೊಂಡೊಯ್ದೆ. ಆಸಿಲೋಸ್ಕೋಪಿನ ಪರದೆಯ ಮೇಲೆ ಕಂಡ ದೃಶ್ಯವನ್ನು ನಾನು ಮರೆಯಲಾರೆ. ಸಂಗೀತದ ನಸುಗೆರೆಯ ಮೇಲೆ ದಪ್ಪನೆಯ ಮಂಜಿನ ಪಟ್ಟಿಯೊಂದು ಕುಳಿತಿತ್ತು. ಚಿಪ್ಪು ಕೆಲವು ಮೆಗಾಹರ್ಟ್ಸ್ ವೇಗದಲ್ಲಿ ತನ್ನಷ್ಟಕ್ಕೆ ತಾನೇ ಕಂಪಿಸುತ್ತಿತ್ತು. ಹಳೆಯ ನಿಧಾನದ ಚಿಪ್ಪಿಗೆಂದು ರಚಿಸಿದ ತಂತಿಹಾದಿಯಲ್ಲಿ ವೇಗದ ಚಿಪ್ಪು ಸ್ಥಿರವಾಗಿ ನಿಲ್ಲಲಾರದೆ ಹೋಗಿತ್ತು. ಆ ಕಂಪನ ಕಿವಿಗೆ ಕೇಳಿಸದು. ಆದರೆ ಕೇಳಿಸುವ ಸಂಗೀತವನ್ನು ಕೆಡಿಸುತ್ತದೆ. ನಾನು ಆರು ತಿಂಗಳು ಕೊಂಡಾಡಿದ ಹೊಳಪು ರೋಗದ ಲಕ್ಷಣವಾಗಿತ್ತು. ಜ್ವರದಿಂದ ಕೆಂಪೇರಿದ ಮುಖವನ್ನು ಆರೋಗ್ಯದ ಕಳೆಯೆಂದು ನಂಬಿದ ವೈದ್ಯನ ಸ್ಥಿತಿ ನನ್ನದಾಗಿತ್ತು. ಪರಿಚಿತರು ನಗಲಿಲ್ಲ. "ಹಾಕುವ ಮುಂಚೆ ಅಳೆದಿದ್ದಿರಾ?" ಎಂದಷ್ಟೇ ಕೇಳಿದರು. ಅಳೆದಿರಲಿಲ್ಲ.

ಹಳೆಯ ಮಾದರಿಯ ಚಿಪ್ಪನ್ನೇ ಮತ್ತೆ ಹಾಕಿದೆ. ಅದರ ವಿದ್ಯುತ್ ಕಾಲುಗಳಿಗೆ ಅತಿ ಸಮೀಪದಲ್ಲಿ ಎರಡು ಚಿಕ್ಕ ಕೆಪಾಸಿಟರುಗಳನ್ನು ಬೆಸೆದೆ. ಮಂಜು ಹೋಯಿತು. ಆಮೇಲೆ ಇನ್ನೊಂದು ಪ್ರಶ್ನೆ ನನ್ನನ್ನು ಕಾಡತೊಡಗಿತು: ನನ್ನ ಕಿವಿಯನ್ನು ಇನ್ನು ನಂಬುವುದು ಹೇಗೆ? ಆಗ ಮಾಡಿದ ಪರೀಕ್ಷೆಯನ್ನು ಇಲ್ಲಿ ವಿವರಿಸುತ್ತೇನೆ. ಯಾವ ಶಾಲೆಯಲ್ಲಾದರೂ ಇದನ್ನು ಮಾಡಬಹುದು. ಒಂದೇ ಮಾದರಿಯ ಎರಡು ಪ್ಲೇಯರುಗಳು. ಒಂದರಲ್ಲಿ ದುಬಾರಿ ಭಾಗಗಳು, ಇನ್ನೊಂದರಲ್ಲಿ ಸಾಧಾರಣವಾದವು. ಎರಡರ ಧ್ವನಿಮಟ್ಟವನ್ನೂ ವೋಲ್ಟ್‌ಮೀಟರಿನಿಂದ ನೂರಕ್ಕೆ ಒಂದು ಪಾಲಿನ ಒಳಗೆ ಸಮಮಾಡಿದೆ. ಇದು ಬಹು ಮುಖ್ಯ. ಏಕೆಂದರೆ ತುಸು ಗಟ್ಟಿಯಾಗಿರುವುದೇ ನಮ್ಮ ಕಿವಿಗೆ ಉತ್ತಮವೆನಿಸುತ್ತದೆ. ಮನೆಯವರು ನಾಣ್ಯ ಚಿಮ್ಮಿ, ಬಿದ್ದಂತೆ ಒಂದನ್ನು ಜೋಡಿಸುತ್ತಿದ್ದರು; ನಾನು ಪರದೆಯ ಈಚೆ ಕುಳಿತು ಯಾವುದೆಂದು ಹೇಳಬೇಕು. ಹದಿನಾರು ಸಲ ನಡೆಯಿತು. ಒಂಬತ್ತು ಸಲ ಸರಿ ಹೇಳಿದೆ.

ಒಂಬತ್ತು ಎಂಟಕ್ಕಿಂತ ಹೆಚ್ಚಲ್ಲವೇ ಎಂದು ಸಮಾಧಾನಪಡಬಹುದಿತ್ತು. ಆದರೆ ಗಣಿತ ಹಾಗೆ ಬಿಡುವುದಿಲ್ಲ. ಹದಿನಾರು ಸಲದ ಪರೀಕ್ಷೆಯಲ್ಲಿ ಸಂಭವಿಸಬಹುದಾದ ಫಲಿತಾಂಶಗಳು 65,536. ಹದಿನಾರು ಬಿಟ್‌ಗಳ ಮೆಟ್ಟಿಲುಗಳ ಸಂಖ್ಯೆಯೇ ಇಲ್ಲಿಯೂ ಬಂದಿತೆಂದು ಗಣಿತದ ವಿದ್ಯಾರ್ಥಿಗಳು ಗಮನಿಸುತ್ತಾರೆ. ಅವುಗಳಲ್ಲಿ ಒಂಬತ್ತು ಅಥವಾ ಹೆಚ್ಚು ಸರಿಯಾಗುವಂಥವು 26,333. ಅಂದರೆ ಏನೂ ಕೇಳಿಸದ ಕಿವುಡನೂ ನೂರರಲ್ಲಿ ನಲ್ವತ್ತು ಪಾಲು ನನ್ನಷ್ಟೇ ಸಾಧಿಸಬಲ್ಲನು. ಹನ್ನೆರಡು ಸರಿಯಾಗಿದ್ದರೆ ಮಾತು ಬೇರೆ. ಹನ್ನೆರಡು ಅಥವಾ ಹೆಚ್ಚು ಬರುವಂಥವು 2,517 ಮಾತ್ರ, ನೂರಕ್ಕೆ ನಾಲ್ಕಕ್ಕಿಂತ ಕಡಮೆ. ಆ ದುಬಾರಿ ಭಾಗಗಳಿಗೆ ನಾನು ತೆತ್ತ ಹಣವನ್ನು ಇಲ್ಲಿ ಹೇಳಲು ಸಂಕೋಚವಾಗುತ್ತದೆ. ಆದರೆ ಆ ಹದಿನಾರು ಪ್ರಶ್ನೆಗಳ ಪರೀಕ್ಷೆಯಲ್ಲಿ ಅನುತ್ತೀರ್ಣನಾದದ್ದು ನನ್ನ ಬಾಳಿನ ಉಪಯುಕ್ತ ಘಟನೆಗಳಲ್ಲಿ ಒಂದೆಂದು ಹೇಳಲು ಸಂಕೋಚವಿಲ್ಲ.

ಈ ಸಂದರ್ಭದಲ್ಲಿ ಇನ್ನೊಂದು ಪ್ರಸಿದ್ಧ ಮಾರ್ಪಾಟನ್ನು ಪರಿಶೀಲಿಸುವುದು ಉಚಿತ. ಟಿಡಿಎ 1541ರ ಮುಂದೆ ಸಾಮಾನ್ಯವಾಗಿ ಎಸ್ಎಎ 7220 ಎಂಬ ಡಿಜಿಟಲ್ ಶೋಧಕ ಇರುತ್ತದೆ. 1990ರ ದಶಕದಲ್ಲಿ ಜಪಾನಿನ ರ‍್ಯೋಹೆಯ್ ಕುಸುನೋಕಿ ಎಂಬವರು ಈ ಬಗೆಯ ಶೋಧಕವನ್ನೇ ಬಿಟ್ಟುಬಿಡುವ ವಾದವನ್ನು ಪತ್ರಿಕಾಲೇಖನಗಳ ಮೂಲಕ ಮಂಡಿಸಿದರು. ಅಂದಿನಿಂದ ಅನೇಕ ಹವ್ಯಾಸಿಗಳು ಅದನ್ನು ಕಿತ್ತು, ಸಂಖ್ಯೆಗಳನ್ನು ನೇರವಾಗಿ ಪರಿವರ್ತಕಕ್ಕೆ ಉಣಿಸುತ್ತಾರೆ. ಇದರ ಫಲವನ್ನು ಲೆಕ್ಕದಿಂದಲೇ ಹೇಳಬಹುದು. ಮೆಟ್ಟಿಲುಮೆಟ್ಟಿಲಾದ ತರಂಗದಿಂದಾಗಿ 10,000 ಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬೆಲ್, 20,000 ಹರ್ಟ್ಸ್‌ನಲ್ಲಿ ಮೂರು ಡೆಸಿಬೆಲ್‌ಗಿಂತ ಸ್ವಲ್ಪ ಹೆಚ್ಚು ಧ್ವನಿ ಇಳಿಯುತ್ತದೆ. 22,050 ಹರ್ಟ್ಸ್‌ನ ಆಚೆಗೆ ಮೂಲದಲ್ಲಿ ಇಲ್ಲದ ಪ್ರತಿಬಿಂಬಗಳು ಉಳಿದುಕೊಳ್ಳುತ್ತವೆ. ತಾರಸ್ವರಗಳು ಕೊಂಚ ಮೃದುವಾಗುವುದರಿಂದ ಕೆಲವರಿಗೆ ಇದು ಹಿತವೆನಿಸುತ್ತದೆ. ಅವರ ರುಚಿಯನ್ನು ನಾನು ಅಲ್ಲಗಳೆಯುವುದಿಲ್ಲ. ಸಾರಿಗೆ ಬೆಲ್ಲ ಹಾಕುವ ಮನೆಯೂ ಉಂಟು, ಹಾಕದ ಮನೆಯೂ ಉಂಟು. ಆದರೆ ಬೆಲ್ಲ ಹಾಕಿ, ಇದೇ ಬೇಳೆಯ ನಿಜವಾದ ರುಚಿ ಎನ್ನಬಾರದು. ಶೋಧಕವನ್ನು ಕೀಳುವುದು ರುಚಿಯ ಬದಲಾವಣೆ. ನಿಷ್ಠೆಯ ದೃಷ್ಟಿಯಿಂದ ಅದು ಹಿಂದಕ್ಕೆ ಇಟ್ಟ ಹೆಜ್ಜೆ.

ಕಾಲಗಡಿಯಾರದ ವಿಷಯದಲ್ಲಿ ಮಾತ್ರ ಹವ್ಯಾಸಿಗಳ ಕಳವಳಕ್ಕೆ ಆಧಾರವಿದೆ. ಪ್ರತಿ ಸಂಖ್ಯೆಯೂ ತನ್ನ ನಿಯತ ಕ್ಷಣದಲ್ಲಿಯೇ ಧ್ವನಿಯಾಗಬೇಕು. ಕ್ಷಣ ತಪ್ಪಿದರೆ ಸರಿಯಾದ ಸಂಖ್ಯೆಯೂ ತಪ್ಪಾದ ತರಂಗವನ್ನು ಕೊಡುತ್ತದೆ. 20,000 ಹರ್ಟ್ಸ್‌ನ ಪೂರ್ಣ ಪ್ರಮಾಣದ ಸ್ವರದಲ್ಲಿ ಈ ತಪ್ಪು ಅತಿ ಚಿಕ್ಕ ಮೆಟ್ಟಿಲಿನ ಅರ್ಧವನ್ನು ಮೀರದಿರಬೇಕಾದರೆ ಗಡಿಯಾರದ ನಡುಕ ಸುಮಾರು 120 ಪಿಕೋಸೆಕೆಂಡುಗಳೊಳಗೆ ಇರಬೇಕೆಂದು ಲೆಕ್ಕ ಹೇಳುತ್ತದೆ. ಅಷ್ಟು ಕಾಲದಲ್ಲಿ ಬೆಳಕು ಕೂಡ ನಾಲ್ಕು ಸೆಂಟಿಮೀಟರು ದೂರ ಹೋಗಲಾರದು. ಹಳೆಯ ಯಂತ್ರದ 11.2896 ಮೆಗಾಹರ್ಟ್ಸ್ ಸ್ಫಟಿಕಕ್ಕೆ ಶುದ್ಧವಾದ ವಿದ್ಯುತ್ತನ್ನು ಒದಗಿಸುವುದು ಆದುದರಿಂದ ಯುಕ್ತವಾದ ಕಾರ್ಯ. ಆದರೆ ಇಲ್ಲಿಯೂ ಹಿತಮಿತ ಬೇಕು. ಸಂಗೀತದಲ್ಲಿ ಅಷ್ಟು ಎತ್ತರದ ಸ್ವರ ಅಷ್ಟು ಗಟ್ಟಿಯಾಗಿ ಬರುವುದೇ ಇಲ್ಲ. ವಯಸ್ಸಾದಂತೆ ನಮ್ಮ ಕಿವಿಗಳು ಆ ಎತ್ತರವನ್ನು ಕೈಬಿಡುತ್ತಲೂ ಇರುತ್ತವೆ.

ಈಗ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ಇಂದು ಬೆರಳಿನಷ್ಟುದ್ದದ ಅಗ್ಗದ ಪರಿವರ್ತಕಗಳು ಕೂಡ ಅಳತೆಗಳಲ್ಲಿ 1985ರ ಚಿಪ್ಪನ್ನು ಮೀರಿಸುತ್ತವೆ. ಹೀಗಿರುವಾಗ ಹಳೆಯದಕ್ಕೆ ಇಷ್ಟು ಶ್ರಮವೇಕೆ? ಆಕ್ಷೇಪಣೆಯ ಮೊದಲರ್ಧ ಸತ್ಯ. ಅದನ್ನು ಒಪ್ಪದವರು ತಮ್ಮನ್ನೇ ವಂಚಿಸಿಕೊಳ್ಳುತ್ತಾರೆ. ಕೇವಲ ಉತ್ತಮ ಧ್ವನಿಯೊಂದೇ ಬೇಕಾದವರು ಹೊಸದನ್ನು ಕೊಳ್ಳುವುದೇ ವಿವೇಕ. ಆದರೆ ಹೊಸ ಚಿಪ್ಪಿನೊಳಗೆ ನಡೆಯುವುದು ಕಣ್ಣಿಗೆ ಕಾಣದು, ಕೈಗೆ ಸಿಗದು. ಹಳೆಯದರಲ್ಲಿ ಶೋಧಕ ಒಂದು ಕಡೆ, ಪರಿವರ್ತಕ ಒಂದು ಕಡೆ, ಸರಾಸರಿ ಹಿಡಿಯುವ ಹದಿನಾಲ್ಕು ಕೆಪಾಸಿಟರುಗಳು ಒಂದು ಕಡೆ, ಪ್ರವಾಹವನ್ನು ವಿಭವ ಮಾಡುವ ಭಾಗ ಮತ್ತೊಂದು ಕಡೆ. ಪುಸ್ತಕದ ಅಧ್ಯಾಯಗಳಂತೆ ಎಲ್ಲವೂ ಬೇರೆಬೇರೆ ನಿಂತಿವೆ. ಪ್ರತಿ ಅಧ್ಯಾಯದ ಬಾಗಿಲಲ್ಲೂ ಅಳತೆಯ ಕಡ್ಡಿಯನ್ನು ಇಟ್ಟು ನೋಡಬಹುದು. ಕಲಿಯಲು ಇದಕ್ಕಿಂತ ಒಳ್ಳೆಯ ಗ್ರಂಥ ನನಗೆ ತಿಳಿಯದು.

ಈ ಗ್ರಂಥದ ಪ್ರತಿಗಳು ಹೆಚ್ಚಾಗುವುದಿಲ್ಲವೆಂಬುದನ್ನೂ ನೆನೆಯಬೇಕು. 1980ರ ದಶಕದ ಕೊನೆಗೆ ಫಿಲಿಪ್ಸಿನವರೇ ಬಿಟ್‌ಸ್ಟ್ರೀಮ್ ಎಂಬ ಬೇರೆ ವಿಧಾನದತ್ತ ತಿರುಗಿದರು. ಟಿಡಿಎ 1541ರ ತಯಾರಿಕೆ ನಿಂತು ಬಹುಕಾಲವಾಯಿತು. ಅದರ ನಂತರದ 1541ಎ ಮಾದರಿಯಲ್ಲಿ ಆಯ್ದ ಚಿಪ್ಪುಗಳ ಮೇಲೆ ಕಿರೀಟದ ಗುರುತು ಹಾಕುತ್ತಿದ್ದರು. ಇಂದು ಸಾಧಾರಣ ಚಿಪ್ಪಿನ ಬೆನ್ನನ್ನು ಉಜ್ಜಿ ಹುಸಿ ಕಿರೀಟ ಮುದ್ರಿಸಿ ಮಾರುವವರೂ ಇದ್ದಾರೆ. ಅಂಥದೊಂದು ಕಿರೀಟಕ್ಕೆ ನಾನೂ ಒಮ್ಮೆ ತಲೆಬಾಗಿದ್ದೇನೆ. ಹೀಗಾಗಿ ಅವಸರದಲ್ಲಿ ಸುಟ್ಟುಹೋದ ಪ್ರತಿಯೊಂದು ಚಿಪ್ಪೂ ಮರಳಿ ಬಾರದ ನಷ್ಟ. ಮಾಡಿದ ಮಾರ್ಪಾಟು ತಪ್ಪೆಂದು ತಿಳಿದಾಗ ಹಿಂದಿನ ಸ್ಥಿತಿಗೆ ಮರಳಲು ಸಾಧ್ಯವಿರಬೇಕು. ಕಿತ್ತ ಭಾಗಗಳನ್ನು ಚೀಟಿ ಹಚ್ಚಿ ಡಬ್ಬಿಯಲ್ಲಿ ಇಡಬೇಕು.

ಈ ಕೆಲಸಕ್ಕೆ ತೊಡಗುವ ತರುಣರಿಗೆ ಅನುಭವದಿಂದ ಕೆಲವು ಮಾತುಗಳು. ಪೆಟ್ಟಿಗೆಯೊಳಗೆ 230 ವೋಲ್ಟಿನ ವಿದ್ಯುತ್ ಬರುವ ಭಾಗವಿದೆ. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳದೆ ಮುಚ್ಚಳ ತೆಗೆಯಬಾರದು. ಕೆಪಾಸಿಟರುಗಳು ಬರಿದಾಗುವವರೆಗೆ ಕಾಯಬೇಕು. ಟಿಡಿಎ 1541 ಮೂರು ಬಗೆಯ ವಿಭವಗಳನ್ನು ಬೇಡುತ್ತದೆ: ಧನ 5, ಋಣ 5, ಋಣ 15 ವೋಲ್ಟುಗಳು. ಚಿಪ್ಪನ್ನು ಕೂಡಿಸುವ ಮುಂಚೆ ಮೂರನ್ನೂ ಅಳೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾವಣೆಗೆ ಮುಂಚೆ ಒಂದು ಅಳತೆ, ಆಮೇಲೆ ಒಂದು ಅಳತೆ. ಎರಡನ್ನೂ ದಿನಾಂಕದೊಡನೆ ಬರೆದಿಡಬೇಕು. ಐದು ಭಾಗಗಳನ್ನು ಒಟ್ಟಿಗೆ ಬದಲಾಯಿಸಿ ಫಲ ಒಳ್ಳೆಯದಾದರೂ ಕೆಟ್ಟದಾದರೂ, ಯಾವುದರಿಂದ ಆಯಿತೆಂದು ಬ್ರಹ್ಮನೂ ಹೇಳಲಾರ. ಕೊನೆಯದಾಗಿ, ಹೊಗಳುವ ಗೆಳೆಯರನ್ನು ಕರೆಯುವ ಮುಂಚೆ ಪರದೆಯ ಈಚೆ ಕುಳಿತು ಹದಿನಾರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು.

ಈ ಸಂಪುಟವನ್ನು ಓದುವ ಉಪಾಧ್ಯಾಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತು ದಾನಿಗಳಲ್ಲಿ ನನ್ನದೊಂದು ಬಿನ್ನಹ. ಶಾಲೆಗಳಿಗೆ ಹೊಸ ಹೊಸ ಉಪಕರಣಗಳನ್ನು ಕೊಡುವ ಸಂಪ್ರದಾಯ ಸ್ತುತ್ಯವಾದುದು. ಆದರೆ ಗಾಜಿನ ಬೀರುವಿನೊಳಗೆ ಬೀಗ ಹಾಕಿಸಿಕೊಂಡು, ಕೆಟ್ಟೀತೆಂಬ ಭಯದಿಂದ ಯಾವ ಹುಡುಗನ ಕೈಗೂ ಬಾರದ ಹೊಸ ಉಪಕರಣಕ್ಕಿಂತ, ಬಿಚ್ಚಿ ನೋಡಲು ಅಪ್ಪಣೆ ಇರುವ ಒಂದು ಹಳೆಯ ಯಂತ್ರ ಹೆಚ್ಚು ಕಲಿಸುತ್ತದೆ. ಅನೇಕ ಮನೆಗಳ ಅಟ್ಟಗಳ ಮೇಲೆ ಮೂಕವಾಗಿ ಮಲಗಿರುವ ಹಳೆಯ ಡಿಸ್ಕ್ ಪ್ಲೇಯರುಗಳು ಇಂದು ಯಾರಿಗೂ ಬೇಡವಾಗಿವೆ. ಅವುಗಳಲ್ಲಿ ಒಂದೆರಡನ್ನು, ಜೊತೆಗೆ ಒಂದು ಮಲ್ಟಿಮೀಟರು, ಒಂದು ಬೆಸುಗೆಯ ಕಡ್ಡಿ, ಸಾಧ್ಯವಾದರೆ ಬಳಸಿದ ಒಂದು ಆಸಿಲೋಸ್ಕೋಪನ್ನು ಪ್ರಯೋಗಶಾಲೆಗೆ ಕೊಟ್ಟರೆ ಅದು ಸಣ್ಣ ದಾನವಲ್ಲ. ಉಪಾಧ್ಯಾಯರು ಬಳಿಯಲ್ಲಿ ನಿಂತು, ಮಕ್ಕಳಿಗೆ ಗೋಡೆಯ ವಿದ್ಯುತ್ತಿನಿಂದ ದೂರವಿರುವ ಭಾಗಗಳನ್ನು ಮಾತ್ರ ಮುಟ್ಟಲು ಬಿಡಲಿ. ಒಂದೆರಡು ಯಂತ್ರಗಳು ಕೆಟ್ಟರೆ ಕೆಡಲಿ.

ಅಲ್ಲಿ ಹುಡುಗಿಯೊಬ್ಬಳು ಒಂದು ಭಾಗವನ್ನು ಬದಲಾಯಿಸಿ, "ಈಗ ಚೆನ್ನಾಗಿ ಕೇಳಿಸುತ್ತದೆ" ಎಂದು ಕಣ್ಣರಳಿಸಿ ಹೇಳಿದಾಗ, ಅವಳ ಸಂತೋಷವನ್ನು ಕೆಡಿಸದಂತೆ ಉಪಾಧ್ಯಾಯರು ಒಂದೇ ಪ್ರಶ್ನೆ ಕೇಳಲಿ: "ಹಾಕುವ ಮುಂಚೆ ಅಳೆದಿದ್ದೆಯಾ?" ನನಗೆ ಆ ಪ್ರಶ್ನೆ ತಲೆ ನರೆತ ಮೇಲೆ ಎದುರಾಯಿತು. ಅವಳಿಗೆ ಹದಿನಾಲ್ಕನೆಯ ವಯಸ್ಸಿನಲ್ಲೇ ಎದುರಾದರೆ ಅದರ ಲಾಭ ಧ್ವನಿಪರಿವರ್ತಕಗಳಿಗಷ್ಟೇ ನಿಲ್ಲಲಾರದು.